ಸಿಡಿ ಜಿಗಿದ್ರ ಲೇಸರ್ ಹೋಗೇತಿ ಅಂತನ ಅನ್ಬ್ಯಾಡ್ರಿ

ಹುಬ್ಬಳ್ಳಿ-ಧಾರವಾಡದಾಗ ಸಿಡಿ ಪ್ಲೇಯರ್ ಇನ್ನೂ ಚಾಲೂ ಇಟ್ಕೊಂಡೋರು ಅದಾರ್ರಿ, ನನ್ನ ಕಡೆ ಬರೋರು ಹೆಚ್ಚಾಗಿ ಹಿಂದುಸ್ತಾನಿ ಕೇಳೋ ಮಂದಿ, ಮನ್ಸೂರರದ್ದು, ಗಂಗೂಬಾಯಿ ಹಾನಗಲ್ ಅವರದ್ದು ಸಿಡಿ ಜ್ವಾಕಿಯಾಗಿ ಇಟ್ಟಿರ್ತಾರ. ಆಲಾಪದ ನಡುವ ಒಮ್ಮೆ ಜಿಗೀತು ಅಂದ್ರ "ಲೇಸರ್ ಹೋಗೇತ್ರಿ, ಹೊಸಾದು ಹಾಕ್ರಿ" ಅಂತ ತಂದು ಟೇಬಲ್ ಮ್ಯಾಲ ಇಡ್ತಾರ. ತಗದು ನೋಡಿದ್ರ ಭಾಳ ಸಲ ಲೇಸರ್ ಚಲೋನ ಇರ್ತೈತಿ, ಟ್ರ್ಯಾಕ್ ಹಿಡ್ಯಾಕ ಆಗವಲ್ದು ಅಷ್ಟ.

ಸಿಡಿಯೊಳಗಿನ ಟ್ರ್ಯಾಕ್ ಅಂದ್ರ ಒಂದ ಉದ್ದನ ಸುರುಳಿ, ಒಳಗಿಂದ ಹೊರಗ ಹೋಗ್ತೈತಿ, ಒಂದು ಸುತ್ತಿಂದ ಬಾಜೂ ಸುತ್ತಿಗೆ ಬರೇ 1.6 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು). ಡಿಸ್ಕ್ ಏನ್ ನೆಟ್ಟಗ ತಿರಗತೈತೇನ್ರಿ? ನಡುವಿನ ತೂತು ಕೂದಲೆಳೆಯಷ್ಟು ಸರದಿರ್ತೈತಿ, 70 ಮೈಕ್ರಾನ್ ಓಲಾಡಿದ್ರೂ ಪ್ಲೇಯರ್ ಸಂಭಾಳಿಸ್ಬೇಕು, ಅಂದ್ರ ಒಂದೊಂದು ಸುತ್ತಿಗೂ 40ಕ್ಕಿಂತ ಜಾಸ್ತಿ ಸಾಲು ಆಕಡೆ ಈಕಡೆ, ಅದೂ ನಿಮಿಷಕ್ಕ 200ರಿಂದ 500 ಸುತ್ತು ತಿರಗೋವಾಗ.

ಇದಕ್ಕ ಹಳೇ ಸಿಡಿ ಪಿಕಪ್‌ನಾಗ, ಅಂದ್ರ ಲೇಸರ್, ಲೆನ್ಸ್ ಇರೋ ಓದೋ ಭಾಗದಾಗ, ಲೇಸರಿನ ಒಂದ ಬೆಳಕನ್ನ ಗ್ರೇಟಿಂಗ್ (ಸಣ್ಣ ಸಣ್ಣ ಗೆರಿ ಇರೋ ಪಟ್ಟಿ) ಹಾಕಿ ಮೂರು ಮಾಡಿರ್ತಾರ. ನಡುವಿಂದು ಹಾಡು ಓದ್ತೈತಿ, ಉಳಿದೆರಡು ಒಂದು ಮುಂದ ಒಂದು ಹಿಂದ, ಟ್ರ್ಯಾಕಿನ ಎಡಕ್ಕೊಂದು ಬಲಕ್ಕೊಂದು ಚೂರು ಸರದು ನಿಂತಿರ್ತಾವ. ಹೊಲದಾಗ ಎಡಿ ಹೊಡಿಯೋನು ಎರಡೂ ಬಾಜೂಕಿನ ಸಾಲಿನ ಮ್ಯಾಲ ಕಣ್ಣಿಟ್ಟು ಹೊಡೀತಾನಲ್ರಿ, ಹಂಗ. ಎರಡೂ ಕಡೆಯಿಂದ ವಾಪಸ್ ಬರೋ ಬೆಳಕು ಸಮ ಇದ್ರ ಲೆನ್ಸ್ ಇದ್ದಲ್ಲೇ ಇರ್ತೈತಿ, ಒಂದು ಕಡೆ ಹೆಚ್ಚಾತು ಅಂದ್ರ ಆ ವ್ಯತ್ಯಾಸದ ಕರೆಂಟು ಕಾಯಿಲ್‌ಗೆ ಹೋಗಿ, ಸಣ್ಣ ತಂತಿ ಮ್ಯಾಲ ತೂಗಾಡೋ ಲೆನ್ಸನ್ನ ಜಗ್ಗತೈತಿ.

ಲೆನ್ಸ್ ಜಗ್ಗೋದಕ್ಕೂ ಒಂದು ಮಿತಿ ಐತಿ, ಆಮ್ಯಾಲ ಸ್ಲೆಡ್ ಮೋಟಾರ್ ಇಡೀ ಪಿಕಪ್ಪನ್ನ ಮುಂದ ದೂಡಬೇಕು. ನಮ್ಮ ಕಡೆ ಬ್ಯಾಸಿಗಿ ಧೂಳು ನಿಮಗ ಗೊತ್ತೈತಿ, ಪಿಕಪ್ ಜಾರೋ ರೈಲ್ ಮ್ಯಾಲಿನ ಗ್ರೀಸ್ ಜೋಡಿ ಕೂಡಿ ಮೇಣ ಆಗಿಬಿಡ್ತೈತಿ, ಪಿಕಪ್ ಅಲ್ಲೇ ಅಡಕೊಂಡು ಆಮ್ಯಾಲ ಒಮ್ಮೆಲೆ ಹಾರತೈತಿ. ಮೊದಲ ಎರಡು ಹಾಡು ಛಲೋ ಬಂದು, ಎಲ್ಲಾ ಸಿಡಿಯಾಗೂ ಅದ ಜಾಗಕ್ಕ ಬಂದಾಗ ಜಿಗದ್ರ ಮೊದಲು ರೈಲ್, ಗೇರ್ ಹಲ್ಲು ನೋಡ್ರಿ. ಡಿಸ್ಕ್ ತಿರಗೋದ ಇಲ್ಲ, ಲೆನ್ಸ್ ಎರಡ್ಮೂರು ಸಲ ಮ್ಯಾಲ ಕೆಳಗ ಆಗಿ ಸುಮ್ನಾತು ಅಂದ್ರ ಅದು ಫೋಕಸ್ ಮಾತು, ಲೆನ್ಸ್ ಮ್ಯಾಲಿನ ಹೊಲಸು ಇರಬಹುದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಲೇ ಒತ್ತದಂಗ ಒರಸ್ರಿ.

ಕೆಲವರು ಪಿಕಪ್ ಬಾಜೂಕಿನ ಸಣ್ಣ ಪ್ರಿಸೆಟ್ (ಕರೆಂಟ್ ಹೆಚ್ಚು ಕಡಿಮಿ ಮಾಡೋ ತಿರುಪು) ತಿರುವಿ ಲೇಸರ್ ಕರೆಂಟ್ ಏರಿಸ್ತಾರ, ಎರಡು ದಿನ ಛಲೋ ಹಾಡ್ತೈತಿ, ಗಿರಾಕಿನೂ ಖುಷ್, ಆಮ್ಯಾಲ ಲೇಸರ್ ಡಯೋಡ್ ಖರೇನ ಸಾಯ್ತೈತಿ. ಇದು ರಿಪೇರಿ ಅಲ್ರಿ. ಸಿಡಿ ಒರಸೋದೂ ನಡುವಿಂದ ಅಂಚಿಗೆ ನೆಟ್ಟಗ ಒರಸ್ಬೇಕು, ಗುಂಡಗ ಒರಸಿ ಗೆರಿ ಬಿದ್ರ ಅದು ಟ್ರ್ಯಾಕ್ ಗುಂಟನ ಹೋಗ್ತೈತಿ, ಪ್ಲೇಯರ್ ಒಳಗಿನ ತಪ್ಪು ತಿದ್ದೋ ಲೆಕ್ಕಕ್ಕೂ ಸಿಗಂಗಿಲ್ಲ.

ಇಷ್ಟಾಗಿಯೂ ಪಿಕಪ್ ಬದಲ್ ಮಾಡೋದ ಬಂದ್ರ, ಹೊಸ ಪಿಕಪ್ಪಿನ ಮ್ಯಾಲ ಒಂದು ಸಣ್ಣ ಸೋಲ್ಡರ್ ಚುಕ್ಕಿ ಇರ್ತೈತಿ, ಸ್ಟ್ಯಾಟಿಕ್ ಹೊಡೀಬಾರ್ದು ಅಂತ ಕಂಪನಿಯವರ ಹಾಕಿರ್ತಾರ. ಕೇಬಲ್ ಕೂಡಿಸಿದ ಮ್ಯಾಲನ ಅದನ್ನ ಬಿಡಸ್ರಿ, ಹಂಗ ಬಿಟ್ರ ಲೇಸರ್ ಹತ್ತಂಗನ ಇಲ್ಲ, ಹೊಸಾದೂ ಹೋಗೇತಿ ಅಂತ ಅಂಗಡಿಯವನ ಜೋಡಿ ಜಗಳಾಡ್ಕೋಂತ ನಿಲ್ತೀರಿ.