ವಿಶ್ವಭಾರತಿಯ ಮೊದಲ ಕುಲಪತಿ ರವೀಂದ್ರನಾಥ ಠಾಕೂರರೇ?

ಓದುಗರ ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಒಂದು ಕಡೆ ಠಾಕೂರರ ಹೆಸರಿದೆ, ಇನ್ನೊಂದು ಕಡೆ ಅವರ ಮಗ ರಥೀಂದ್ರನಾಥರ ಹೆಸರು. ಯಾವುದು ಸರಿ?

ಉತ್ತರ: ರಥೀಂದ್ರನಾಥರದು. ಕವಿ ಆ ಹುದ್ದೆಯಲ್ಲಿ ಒಂದು ದಿನವೂ ಇರಲಿಲ್ಲ. ಅವರ ಕಾಲದಲ್ಲಿ ಅಂಥ ಹುದ್ದೆಯೇ ಅಲ್ಲಿರಲಿಲ್ಲ.

ಗೊಂದಲದಲ್ಲಿ ನಮ್ಮ ಕನ್ನಡದ ಪಾಲೂ ಇದೆ. ವೈಸ್ ಚಾನ್ಸಲರ್‌ಗೆ ಇವತ್ತು ‘ಕುಲಪತಿ’ ಎನ್ನುತ್ತೇವೆ. ಕುವೆಂಪು ಮೈಸೂರಿನಲ್ಲಿ ಅದೇ ಕುರ್ಚಿಯಲ್ಲಿದ್ದಾಗ ಬಳಕೆಯಲ್ಲಿದ್ದ ಮಾತು ‘ಉಪಕುಲಪತಿ’. ವಿಶ್ವಭಾರತಿಯ ಪದಗಳೇ ಬೇರೆ. ಅಲ್ಲಿ ಚಾನ್ಸಲರ್ ಎಂದರೆ ಆಚಾರ್ಯ, ವೈಸ್ ಚಾನ್ಸಲರ್ ಎಂದರೆ ಉಪಾಚಾರ್ಯ, ರಿಜಿಸ್ಟ್ರಾರ್ ಎಂದರೆ ಕರ್ಮಸಚಿವ. ಠಾಕೂರರು ಪ್ರತಿಷ್ಠಾತಾ ಆಚಾರ್ಯ, ಅಂದರೆ ಸ್ಥಾಪಕ ಅಧ್ಯಕ್ಷ. ಈ ‘ಆಚಾರ್ಯ’ವನ್ನು ಯಾರೋ ‘ಕುಲಪತಿ’ ಮಾಡಿದರು, ಮಿಕ್ಕವರು ನಕಲು ಮಾಡಿದರು.

ಹಿನ್ನೆಲೆ ಇಷ್ಟು. 1901ರಲ್ಲಿ ಶಾಂತಿನಿಕೇತನದಲ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಶಾಲೆ ಆರಂಭವಾಯಿತು. 1918ರಲ್ಲಿ ವಿಶ್ವಭಾರತಿಗೆ ಅಡಿಗಲ್ಲು. 1921ರ ಡಿಸೆಂಬರ್ 23ರಂದು ವಿಧ್ಯುಕ್ತ ಉದ್ಘಾಟನೆ. ಆ ಸಭೆಯ ಅಧ್ಯಕ್ಷತೆ ವಹಿಸಿದ್ದು ಬ್ರಜೇಂದ್ರನಾಥ ಸೀಲ್. 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವನ್ನು ನಡೆಸಿದವರು ಇವರೇ. ಆದರೆ ಆಗಿನ ವಿಶ್ವಭಾರತಿ ಕಾನೂನಿನ ಕಣ್ಣಿಗೆ ವಿಶ್ವವಿದ್ಯಾಲಯವಲ್ಲ, ಬರೀ ನೋಂದಾಯಿತ ಸಂಘ. ಸರ್ಕಾರ ಒಪ್ಪುವ ಪದವಿ ಬೇಕಾದ ವಿದ್ಯಾರ್ಥಿ ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷೆಗೇ ಕೂರಬೇಕಿತ್ತು. ದಿನನಿತ್ಯದ ಕಚೇರಿ ಕೆಲಸ ಕರ್ಮಸಚಿವರದು. ರಥೀಂದ್ರನಾಥರ ಜೊತೆಗೆ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲನೋಬಿಸ್ ಹತ್ತು ವರ್ಷ ಆ ಹೊಣೆ ಹೊತ್ತಿದ್ದರು.

ಹಾಗಾದರೆ ಕವಿ ಮಾಡಿದ್ದೇನು? ಜನರನ್ನು ಕರೆತಂದರು: ಕಲಾಭವನಕ್ಕೆ ನಂದಲಾಲ್ ಬೋಸ್, ಶ್ರೀನಿಕೇತನದ ಗ್ರಾಮ ಕೆಲಸಕ್ಕೆ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್, ಚೀನಾ ಭವನಕ್ಕೆ ತಾನ್ ಯುನ್-ಶಾನ್. ಆಮೇಲೆ ದುಡ್ಡು ಹೊಂದಿಸಿದರು. ಈ ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಕಷ್ಟದ್ದು. ಶಾಲೆಯ ಶುರುವಿಗೇ ಪತ್ನಿ ಮೃಣಾಲಿನಿಯ ಒಡವೆ ಮಾರಾಟವಾಗಿತ್ತು, ಪುರಿಯ ಮನೆಯೂ ಹೋಗಿತ್ತು. ಲಕ್ಷ ರೂಪಾಯಿ ಮೀರಿದ ನೊಬೆಲ್ ಹಣವನ್ನು ಜಮೀನ್ದಾರಿಯ ಪತಿಸರದ ಕೃಷಿ ಬ್ಯಾಂಕಿನಲ್ಲಿಟ್ಟರು. ರೈತನಿಗೆ ಸಾಲ ಸಿಗಲಿ, ಬಡ್ಡಿ ಶಾಲೆಗೆ ಬರಲಿ ಎಂಬ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ 1930ರ ದಶಕದ ಸಾಲ ಪರಿಹಾರ ಕಾನೂನಿನಿಂದಾಗಿ ವಸೂಲಿ ನಿಂತು, ಅಸಲೇ ಮುಳುಗಿತು. ಬಂಗಾಳಿ ಪುಸ್ತಕಗಳ ಹಕ್ಕನ್ನೂ ಸಂಸ್ಥೆಗೇ ಬರೆದುಕೊಟ್ಟಿದ್ದರು. ಅದೂ ಸಾಲಲಿಲ್ಲ.

1936ರಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿ, ನೃತ್ಯನಾಟಕದ ತಂಡ ಕಟ್ಟಿಕೊಂಡು ಊರೂರು ತಿರುಗುತ್ತ ದೆಹಲಿಗೆ ಬಂದರು. ಈ ವಯಸ್ಸಿಗೆ ಇದು ಬೇಡವೆಂದು ಗಾಂಧೀಜಿ 60,000 ರೂಪಾಯಿ ಹೊಂದಿಸಿಕೊಟ್ಟು ಪ್ರವಾಸ ನಿಲ್ಲಿಸಿದರು. 1940ರಲ್ಲಿ ಗಾಂಧೀಜಿ ಶಾಂತಿನಿಕೇತನಕ್ಕೆ ಬಂದು ಹೊರಟಾಗ, ಸಂಸ್ಥೆಯನ್ನು ಕಾಪಾಡಿರೆಂದು ಕವಿ ಅವರ ಕೈಗೆ ಪತ್ರವಿತ್ತರು.

ಮರುವರ್ಷ ಆಗಸ್ಟ್ 7ರಂದು ಠಾಕೂರರು ತೀರಿಕೊಂಡರು. ಆಚಾರ್ಯ ಸ್ಥಾನ ಅದೇ ಮನೆತನದ ಚಿತ್ರಕಲಾವಿದ ಅಬನೀಂದ್ರನಾಥರಿಗೆ ಬಂತು. 1951ರಲ್ಲಿ ಸಂಸತ್ತಿನ ಕಾಯಿದೆ ವಿಶ್ವಭಾರತಿಯನ್ನು ಕೇಂದ್ರೀಯ ವಿಶ್ವವಿದ್ಯಾಲಯ ಮಾಡಿದ ಮೇಲೆಯೇ ಉಪಾಚಾರ್ಯ ಹುದ್ದೆ ಹುಟ್ಟಿದ್ದು. ರಥೀಂದ್ರನಾಥರು ಅದರಲ್ಲಿ 1953ರವರೆಗೆ ಇದ್ದರು. ಆಚಾರ್ಯರಾಗಿದ್ದವರು ಜವಾಹರಲಾಲ್ ನೆಹರೂ.