ಸೋಲಾರ್ ಪ್ಯಾನೆಲ್‌ನ ನೀಲಿ ಪದರ ಮತ್ತು ಬಗೆಹರಿಯದ ಪ್ಲಾಸ್ಮಾ ಲೆಕ್ಕ

ದಾವಣಗೆರೆಲಿ ನಮ್ಮನೆ ತಾರಸಿ ಮೇಲೆ ನಿಂತು ನೋಡಿದ್ರೆ ಸುತ್ತ ಸೋಲಾರ್ ಪ್ಯಾನೆಲ್‌ಗಳು ಕಾಣ್ತವೆ, ಹಳೇವು ನೀಲಿ, ಹೊಸವು ಹತ್ತತ್ರ ಕಪ್ಪು. ಆ ನೀಲಿ ಯಾರೋ ಬಳಿದ ಬಣ್ಣ ಅಲ್ಲ. ಸಿಲಿಕಾನ್ ಮೇಲೆ ಕೂರಿಸಿರೋ ಸಿಲಿಕಾನ್ ನೈಟ್ರೈಡ್ ಪದರ ಅದು, ದಪ್ಪ ಸುಮಾರು 75 ನ್ಯಾನೋಮೀಟರ್, ಅಂದ್ರೆ ತಲೆಕೂದಲನ್ನ ಸಾವಿರ ಸೀಳು ಮಾಡಿದ್ರೆ ಅದ್ರಲ್ಲಿ ಒಂದು ಸೀಳಿನಷ್ಟು. ಬಿದ್ದ ಬಿಸಿಲು ವಾಪಸ್ ಹಾರಿ ಹೋಗದಂಗೆ ಹಿಡಿಯೋದೇ ಅದರ ಕೆಲಸ, ದಪ್ಪ ಒಂಚೂರು ಏರುಪೇರಾದ್ರೂ ಬಣ್ಣ ಬದಲಾಗ್ತೈತೆ.

ಈ ಪದರ ಹಾಕೋದು ಪ್ಲಾಸ್ಮಾದಲ್ಲಿ, ಅಂದ್ರೆ ಕರೆಂಟ್ ಹೊಡೆತಕ್ಕೆ ಎಲೆಕ್ಟ್ರಾನ್ ಬಿಟ್ಕೊಟ್ಟ ಗ್ಯಾಸಲ್ಲಿ. ಗಾಳಿ ತೆಗೆದ ಚೇಂಬರ್‌ಗೆ ಸೈಲೇನ್ (ಸಿಲಿಕಾನ್, ಹೈಡ್ರೋಜನ್ ಸೇರಿದ ಗ್ಯಾಸ್), ಅಮೋನಿಯ ಬಿಟ್ಟು ಕರೆಂಟ್ ಕೊಟ್ರೆ ಒಳಗೆ ಮಂದವಾಗಿ ಬೆಳಗ್ತೈತೆ. ನಮ್ಮೂರ ಮಂಡಕ್ಕಿ ಭಟ್ಟಿಲಿ ಮರಳು ಕಾದ್ರೆ ಅಕ್ಕಿನೂ ಕಾಯ್ತೈತೆ, ಪಕ್ಕದಲ್ಲಿ ನಿಂತೋರೂ ಬೆವೀತಾರೆ. ಪ್ಲಾಸ್ಮಾದಲ್ಲಿ ಹಂಗಲ್ಲ, ಎಲೆಕ್ಟ್ರಾನ್‌ಗಳು ಮಾತ್ರ 20-30 ಸಾವಿರ ಡಿಗ್ರಿ ಬಿಸಿ, ಗ್ಯಾಸು ಕೆಲವು ನೂರು ಡಿಗ್ರಿ ಅಷ್ಟೇ. ಆ ಬಿಸಿ ಎಲೆಕ್ಟ್ರಾನ್ ಬಡಿದು ಗ್ಯಾಸ್ ಒಡೆದು ಚೂರಾಗಿ, ಚೂರುಗಳು ಬಂದು ಅಂಟ್ಕೊಂಡು ಪದರ ಬೆಳೀತೈತೆ. ಒಂದೇ ಜಾಗದಲ್ಲಿ ಎರಡು ಬಿಸಿ ಇರೋದ್ರಿಂದಲೇ, ಒಳಗೆ ಏನಾಗ್ತೈತೆ, ಪದರ ಹೆಂಗೆ ಬೆಳೀತೈತೆ ಅಂತ ಲೆಕ್ಕ ಹಾಕೋದು ಇಷ್ಟು ಕಷ್ಟ.

ಇತಿಹಾಸ ಉದ್ದ ಐತೆ, ಒಂದೇ ಉಸಿರಲ್ಲಿ ಹೇಳ್ಬಿಡ್ತೀನಿ. 1852ರಲ್ಲಿ ವಿಜ್ಞಾನಿ ಗ್ರೋವ್ ಗ್ಯಾಸಲ್ಲಿ ಕರೆಂಟ್ ಹಾಯಿಸಿದಾಗ ಲೋಹ ಉದುರಿ ಇನ್ನೊಂದ್ಕಡೆ ಪದರ ಕೂರೋದನ್ನ ನೋಡಿದ, 1928ರಲ್ಲಿ ಲ್ಯಾಂಗ್ಮುಯಿರ್ ಪ್ಲಾಸ್ಮಾ ಅಂತ ಹೆಸರಿಟ್ಟ, 1969ರಲ್ಲಿ ಇಂಗ್ಲೆಂಡಲ್ಲಿ ಸೈಲೇನ್ ಪ್ಲಾಸ್ಮಾದಿಂದ ಸಿಲಿಕಾನ್ ಪದರ ಹಾಕಿದ ಪೇಪರ್ ಬಂತು, 1976ಕ್ಕೆ ಅದೇ ಪದರದಿಂದ ಸೋಲಾರ್ ಸೆಲ್ಲೂ ಆಯ್ತು. ಅಲ್ಲೀವರೆಗೆ ಎಲ್ಲಾ ಕೈಚಳಕ. ಪ್ರೆಶರ್ ಸ್ವಲ್ಪ ಏರ್ಸು, ಪವರ್ ಸ್ವಲ್ಪ ಇಳ್ಸು, ಪದರ ನೋಡು.

ಕಂಪ್ಯೂಟರ್ ಲೆಕ್ಕ ಗಟ್ಟಿಯಾಗಿ ಶುರುವಾಗಿದ್ದು 80ರ ದಶಕದಲ್ಲಿ. ಒಂದು ದಾರಿ ಫ್ಲೂಯಿಡ್ ಮಾಡೆಲ್. ಭದ್ರಾ ನಾಲೆ ನೀರನ್ನ ಯಾರೂ ಹನಿ ಎಣಿಸಲ್ಲ, ಇಷ್ಟು ಕ್ಯೂಸೆಕ್ ಅಂತೀವಲ್ಲ, ಹಂಗೆ ಎಲೆಕ್ಟ್ರಾನ್‌ಗಳನ್ನೂ ಹರಿಯೋ ನೀರಂಗೆ ಲೆಕ್ಕ ಹಾಕೋದು. ಪ್ರೆಶರ್ ಕಮ್ಮಿ ಆದಾಗ ಇದು ಕೈಕೊಡ್ತೈತೆ, ಯಾಕಂದ್ರೆ ಎಲೆಕ್ಟ್ರಾನ್ ಯಾರಿಗೂ ಡಿಕ್ಕಿ ಹೊಡೀದೆ ದೂರ ಓಡ್ತೈತೆ. ಇನ್ನೊಂದು ದಾರಿ ಹನೀನೇ ಎಣಿಸೋದು, ಬರ್ಕ್ಲಿಯ ಬರ್ಡ್ಸಾಲ್ ಗುಂಪು ಬೆಳೆಸಿದ ಪಾರ್ಟಿಕಲ್ ಮಾಡೆಲ್. ಇದಕ್ಕೆ ತಾಳ್ಮೆ ಬೇಕು. 13.56 ಮೆಗಾಹರ್ಟ್ಜ್ ಕರೆಂಟಿನ ಒಂದು ಸುತ್ತು ಬರೀ 74 ನ್ಯಾನೋಸೆಕೆಂಡ್, ಆ ಒಂದು ಸುತ್ತನ್ನೇ ಸಾವಿರ ಎರಡು ಸಾವಿರ ತುಂಡು ಮಾಡಿ, ಅಂಥ ಸುತ್ತುಗಳನ್ನ ಸಾವಿರಗಟ್ಟಲೆ ಓಡಿಸ್ಬೇಕು.

ನನಗೆ ಈ ಕಥೇಲಿ ತುಂಬಾ ಮುಖ್ಯ ಅನ್ಸೋದು 1988. ಒಂದೊಂದು ಲ್ಯಾಬಿಂದು ಒಂದೊಂದು ಆಕಾರದ ಚೇಂಬರ್, ಹಂಗಾಗಿ ಅಲ್ಲಿನ ನಂಬರ್ ಇಲ್ಲಿಗೆ ಹೊಂದಲ್ಲ, ಮಾಡೆಲ್ ತಪ್ಪೋ ಅಳತೆ ತಪ್ಪೋ ಹೇಳೋರಿಲ್ಲ. ಆಗ ಅಮೆರಿಕದ ಗ್ಯಾಸಿಯಸ್ ಎಲೆಕ್ಟ್ರಾನಿಕ್ಸ್ ಕಾನ್ಫರೆನ್ಸ್‌ನಲ್ಲಿ ಸೇರಿದೋರು ಎಲ್ಲರೂ ಒಂದೇ ಥರದ ಚೇಂಬರ್ ಕಟ್ಟೋಣ ಅಂತ ಮಾತಾಡ್ಕೊಂಡ್ರು. ಎದುರುಬದುರು ಎರಡು ತಟ್ಟೆ, ಅಗಲ ಸುಮಾರು 10 ಸೆಂಟಿಮೀಟರ್, ನಡುವೆ ಎರಡೂವರೆ ಸೆಂಟಿಮೀಟರ್ ಜಾಗ. ಬೇರೆ ಬೇರೆ ಲ್ಯಾಬಲ್ಲಿ ಕಟ್ಟಿ, ಬರೀ ಆರ್ಗಾನ್ ತುಂಬಿ ಅಳೆದು, 1994ರಲ್ಲಿ ಎಲ್ಲಾ ಪಕ್ಕಪಕ್ಕ ಇಟ್ಟು ಪ್ರಕಟಿಸಿದ್ರು. ಒಂದೇ ಅಚ್ಚಿನ ಚೇಂಬರ್ ಆದ್ರೂ ಕರೆಂಟ್ ತರೋ ಹೊರಗಿನ ವೈರಿಂಗ್, ಸರ್ಕ್ಯೂಟ್ ಬದಲಾದ್ರೆ ಒಳಗಿನ ಪ್ಲಾಸ್ಮಾನೂ ಬದಲಾಗೋದು ಅಲ್ಲಿ ಎದ್ದು ಕಾಣ್ತು. ಹೊಂದದೇ ಇದ್ದದ್ದನ್ನೂ ಮುಚ್ಚಿಡದೆ ಬರೆದ್ರಲ್ಲ, ಆಮೇಲೆ ಬಂದ ಮಾಡೆಲ್‌ಗಳು ಒರೆ ಹಚ್ಚಿ ನೋಡ್ಕೊಂಡಿದ್ದು ಇದೇ ಡೇಟಾಕ್ಕೆ.

ಎಲೆಕ್ಟ್ರಾನ್ ಡಿಕ್ಕಿ ಲೆಕ್ಕಕ್ಕೆ 2005ರಿಂದ ಬೋಲ್ಸಿಗ್ ಪ್ಲಸ್ ಅನ್ನೋ ಪ್ರೋಗ್ರಾಂ ಫ್ರೀಯಾಗಿ ಸಿಗ್ತೈತೆ, ಡೇಟಾಕ್ಕೆ ಎಲ್‌ಎಕ್ಸ್‌ಕ್ಯಾಟ್ ಅನ್ನೋ ವೆಬ್‌ಸೈಟ್ ಐತೆ, ನಮ್ಮೂರ ಕಾಲೇಜಲ್ಲಿ ಕೂತ ಹುಡುಗರೂ ಇಳಿಸ್ಕೊಳ್ಬಹುದು. 2013ರಲ್ಲಿ ಬೇರೆ ಬೇರೆ ಗುಂಪುಗಳು ತಾವೇ ಬರೆದ ಪಾರ್ಟಿಕಲ್ ಕೋಡ್‌ಗಳನ್ನ ಹೀಲಿಯಂ ಮೇಲೆ ಓಡಿಸಿ ನೋಡಿದ್ರೆ ಉತ್ತರಗಳು ಚೆನ್ನಾಗಿ ಕೂಡಿ ಬಂದ್ವು. ಖುಷಿ ವಿಷ್ಯನೇ. ಆದ್ರೆ ಅದರಲ್ಲಿ ಗೋಡೆಗೆ ಬಡಿದ ಕಣ ಅಲ್ಲೇ ಇಂಗಿ ಹೋಗ್ತೈತೆ ಅಂತ ಇಟ್ಕೊಂಡಿದ್ರು. ಪದರ ಬೆಳೆಯೋದು ಗೋಡೆ ಮೇಲೇ ಅಲ್ವಾ?

ಸೈಲೇನ್ ಒಂದಕ್ಕೆ ಮಾತ್ರ ಕೆಲವರು ವರ್ಷಗಟ್ಟಲೆ ಕೂತು ಅಳೆದಿದ್ದಾರೆ, ಮೇಲ್ಮೈಗೆ ಬಡಿದ 100 ಸೈಲಿಲ್ (ಸೈಲೇನ್ ಒಡೆದು ಹುಟ್ಟೋ) ಚೂರುಗಳಲ್ಲಿ ಸುಮಾರು 26 ವಾಪಸ್ ಬರಲ್ಲ ಅಂತ. ಅಮೋನಿಯ ಸೇರಿದ್ರೆ ಅಮಿನೊಸೈಲೇನ್ ಅನ್ನೋ ಹೊಸ ಚೂರುಗಳು ಹುಟ್ತವೆ, ಅಲ್ಲಿಗೆ ಅಂಥ ಗಟ್ಟಿ ನಂಬರ್ ಸಿಗೋದು ಕಷ್ಟ, ಅಂದಾಜಿಗೆ ಒಂದು ಹಾಕ್ತಾರೆ. ನಾನು ಎಂಟೆಕ್ ಪ್ರಾಜೆಕ್ಟ್ ಮಾಡುವಾಗ ಮೂರು ರಾತ್ರಿ ಓಡಿಸಿದ ಲೆಕ್ಕ ಅಳತೆಗೆ ಹೊಂದ್ಲಿಲ್ಲ, ಚೂರು ಅಂಟೋ ಪ್ರಮಾಣ 0.1 (ನೂರಕ್ಕೆ ಹತ್ತು) ಇದ್ದದ್ದನ್ನ 0.3 ಮಾಡಿದೆ, ಲೆಕ್ಕದ ಗೆರೆ ಅಳತೆಯ ಚುಕ್ಕಿಗಳ ಮೇಲೇ ಬಂದು ಕೂತ್ಕೊಳ್ತು. ವೈವಾದಲ್ಲಿ ಗ್ರಾಫ್ ಚೆನ್ನಾಗೈತೆ ಅಂದ್ರು, 0.3 ಎಲ್ಲಿಂದ ಬಂತು ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ, ಅದು ಇವತ್ತಿಗೂ ಮನಸ್ಸಿಗೆ ಚುಚ್ತೈತೆ.

ಈಗ ಮಷಿನ್ ಲರ್ನಿಂಗ್ ಬಂದೈತೆ, ದಿನಗಟ್ಟಲೆ ಹಿಡೀತಿದ್ದ ಲೆಕ್ಕ ಕ್ಷಣದಲ್ಲಿ ಮುಗೀತೈತೆ. ಅದಕ್ಕೆ ಕಲಿಸೋದು ಹಳೇ ಮಾಡೆಲ್‌ಗಳ ಉತ್ತರದಿಂದ, ಆ ಉತ್ತರಗಳ ಒಳಗೆ ಇಂಥ 0.3ಗಳು ಎಷ್ಟಿದಾವೋ, ಅವು ಹಂಗೇ ಮುಂದಕ್ಕೆ ಹೋಗ್ತಿದಾವೆ.