ಯುದ್ಧ ಸಿನಿಮಾ ಎಷ್ಟು ನಿಜ? ಕಿವಿಯಿಂದ ಅಳೆಯುವ ಟಿಪ್ಪಣಿ

ಯುದ್ಧ ಸಿನಿಮಾದ ನೈಜತೆ ಎಂದ ಕೂಡಲೇ ಸಮವಸ್ತ್ರ, ಪದಕ, ಟ್ಯಾಂಕಿನ ಮಾದರಿ ಇವನ್ನೇ ಹುಡುಕುತ್ತೇವೆ. ಅದು ಸುಲಭದ ಕೆಲಸ. ಚಿತ್ರ ನಿಲ್ಲಿಸಿ ಹಳೆಯ ಫೋಟೊ ಪಕ್ಕ ಇಟ್ಟು ನೋಡಿದರೆ ಆಯಿತು. ಕಾಳಗ ಕಾಳಗದಂತೆ ನಡೆಯುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ದೂರ ಮತ್ತು ಸಮಯ ಎಂಬ ಎರಡು ಅಳತೆಗೋಲು ಸಾಕು. ಎರಡರಲ್ಲೂ ಸಿನಿಮಾ ಮೊದಲು ಸಿಕ್ಕಿಬೀಳುವುದು ಶಬ್ದದಲ್ಲಿ.

ಅಭ್ಯಾಸಕ್ಕೆ ಇಟ್ಟುಕೊಳ್ಳಬಹುದಾದ ಚಿತ್ರಗಳು: ‘ಕಮ್ ಆ್ಯಂಡ್ ಸೀ’ (1985), ‘ದಾಸ್ ಬೂಟ್’ (1981), ‘ಸೇವಿಂಗ್ ಪ್ರೈವೇಟ್ ರಯಾನ್’ (1998), ‘ಫ್ಯೂರಿ’ (2014), ‘ಡನ್‌ಕರ್ಕ್’ (2017), ‘ವಾರ್‌ಫೇರ್’ (2025), ನಮ್ಮಲ್ಲಿ ‘ಬಾರ್ಡರ್’ (1997), ‘ಲಕ್ಷ್ಯ’ (2004), ‘ಶೇರ್‌ಷಾ’ (2021). ಎಲ್ಲವೂ ನೋಡಲೇಬೇಕಾದವು. ತಪ್ಪು ಮಾಡಿದ ಚಿತ್ರವೂ ಒಳ್ಳೆಯ ಪಾಠವೇ.

ದೂರ

ಕ್ಯಾಮೆರಾ ಚೌಕಟ್ಟಿನೊಳಗೆ ಇಬ್ಬರೂ ಕಾಣಬೇಕು ಎಂಬ ಆಸೆಗೆ ಸಿನಿಮಾ ವೈರಿಯನ್ನು ಹತ್ತಿರ ಎಳೆದು ತರುತ್ತದೆ. ಬಯಲಿನಲ್ಲಿ ರೈಫಲ್ ಕಾಳಗ ನೂರಾರು ಮೀಟರ್ ದೂರದಲ್ಲಿ ನಡೆಯುತ್ತದೆ. 300 ಮೀಟರ್ ಆಚೆ, ಕಲ್ಲಿನ ಮರೆಯಲ್ಲಿ ಮಲಗಿರುವವನು ಬರಿಗಣ್ಣಿಗೆ ಕಾಣುವುದಿಲ್ಲ ಎಂದೇ ಇಟ್ಟುಕೊಳ್ಳಿ. 2006ರ ನವೆಂಬರಿನಲ್ಲಿ ಇರಾಕಿನ ರಮಾದಿಯಲ್ಲಿ ನಡೆದ ಘಟನೆಯನ್ನು ಆಧರಿಸಿದ ‘ವಾರ್‌ಫೇರ್’ ಇಲ್ಲಿ ಗಟ್ಟಿ. ಎದುರಾಳಿಯ ಮುಖ ಸರಿಯಾಗಿ ಕಾಣಿಸುವುದೇ ಅಪರೂಪ, ಗುಂಡು ಮಾತ್ರ ಬರುತ್ತಲೇ ಇರುತ್ತದೆ.

‘ಫ್ಯೂರಿ’ ಇದಕ್ಕೆ ವಿರುದ್ಧದ ಉದಾಹರಣೆ. ಅದರಲ್ಲಿರುವ ಜರ್ಮನ್ನರ ಟೈಗರ್ ಟ್ಯಾಂಕು ಅಪ್ಪಟ ಅಸಲಿ, ಇಂಗ್ಲೆಂಡಿನ ಬೋವಿಂಗ್‌ಟನ್ ಟ್ಯಾಂಕ್ ಮ್ಯೂಸಿಯಮ್ಮಿನ ಟೈಗರ್ 131. ಯಂತ್ರ ಅಸಲಿಯಾದರೂ ಅದರ ನಡೆ ಅಸಲಿಯಲ್ಲ. 88 ಮಿ.ಮೀ. ತೋಪಿರುವ ಟೈಗರ್ ಒಂದು ಕಿಲೊಮೀಟರಿಗೂ ಆಚೆಯಿಂದ ಅಮೆರಿಕದ ಶೆರ್ಮನ್ ಟ್ಯಾಂಕನ್ನು ಒಡೆಯಬಲ್ಲದು. ಮರೆಯಲ್ಲಿ ನಿಂತು ಹೊಡೆಯುತ್ತಿದ್ದ ಅದು ಮರೆ ಬಿಟ್ಟು ಶೆರ್ಮನ್‌ಗಳ ಹತ್ತಿರಕ್ಕೇ ಬರಲು ಕಾರಣವೇ ಇಲ್ಲ. ಬಂದಿದ್ದು ಚೌಕಟ್ಟಿಗಾಗಿ.

ಇನ್ನೊಂದು ಸುಲಭದ ಪರೀಕ್ಷೆ: ನಡೆಯುವ ತುಕಡಿಯಲ್ಲಿ ಒಬ್ಬರಿಂದೊಬ್ಬರಿಗೆ ಎಷ್ಟು ಅಂತರ? ಒಂದೇ ಶೆಲ್ಲಿಗೆ ಎಲ್ಲರೂ ಬೀಳಬಾರದೆಂದು ಬಯಲಲ್ಲಿ ಐದು ಮೀಟರಾದರೂ ಬಿಟ್ಟು ನಡೆಯುತ್ತಾರೆ. ಸಿನಿಮಾದಲ್ಲಿ ಮಾತನಾಡಲು ಅನುಕೂಲವಾಗಲೆಂದು ಭುಜಕ್ಕೆ ಭುಜ ತಾಗಿಸಿ ನಡೆಸುತ್ತಾರೆ.

ಚಟೀರ್ ಮತ್ತು ಧಬ್: ಎಲ್ಲರೂ ಎಡವುವ ಲೆಕ್ಕ

ಈ ಭಾಗ ಉದ್ದವಾಗುತ್ತದೆ. ಒಮ್ಮೆ ಹಿಡಿತಕ್ಕೆ ಸಿಕ್ಕರೆ ಯಾವ ಯುದ್ಧ ಚಿತ್ರವನ್ನೂ ಮೊದಲಿನಂತೆ ಕೇಳಲಾಗುವುದಿಲ್ಲ.

ರೈಫಲ್ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುತ್ತದೆ. 7.62 ಮಿ.ಮೀ. ನೇಟೊ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 840 ಮೀಟರ್. ಶಬ್ದದ ವೇಗ ಸುಮಾರು 340. ಹಾಗಾಗಿ ಗುರಿಯ ಕಡೆ ಇರುವವನಿಗೆ ಎರಡು ಸದ್ದು ಕೇಳುತ್ತದೆ. ಮೊದಲನೆಯದು ಗುಂಡು ಪಕ್ಕದಲ್ಲಿ ಹಾದಾಗಿನ ‘ಚಟೀರ್’. ಎರಡನೆಯದು ಬಂದೂಕಿನ ಬಾಯಿಂದ ಹೊರಟು ತಡವಾಗಿ ತಲುಪುವ ‘ಧಬ್’. ದುರ್ಗಮುರ್ಗಿಯವರ ಚಾಟಿ ನೆನಪಿಸಿಕೊಳ್ಳಿ. ಅದರ ತುದಿ ಶಬ್ದದ ವೇಗ ದಾಟಿದಾಗ ಬರುವ ಚಟೀರ್ ಕೂಡ ಇದೇ ಜಾತಿಯದು. ಚಾಟಿ ಯಾವುದಕ್ಕೂ ತಾಗದೆ ಸದ್ದು ಮಾಡುತ್ತದೆ, ಗುಂಡೂ ಹಾಗೆಯೇ.

ಚಟೀರ್‌ಗೂ ಧಬ್‌ಗೂ ನಡುವಿನ ಅಂತರದಿಂದ ದೂರ ಅಳೆಯಬಹುದು. ಎಡವುವುದು ಇಲ್ಲೇ. ಶಾಲೆಯಲ್ಲಿ ಕಲಿತ ಮಿಂಚು–ಗುಡುಗಿನ ಲೆಕ್ಕ ತಲೆಗೆ ಬಂದು, ಅಂತರವನ್ನು 340ರಿಂದ ಗುಣಿಸಿಬಿಡುತ್ತೇವೆ. ಅರ್ಧ ಸೆಕೆಂಡ್ ಅಂತರ ಕೇಳಿದರೆ 170 ಮೀಟರ್ ಎಂದು ಬರೆದುಕೊಳ್ಳುತ್ತೇವೆ. ಅದು ತಪ್ಪು. ನಿಜವಾದ ದೂರ ಅದರ ಹತ್ತಿರ ಹತ್ತಿರ ಇಮ್ಮಡಿ.

ಯಾಕೆ? ಮಿಂಚಿನ ಬೆಳಕು ನಮ್ಮನ್ನು ತಲುಪಲು ಹೊತ್ತೇ ಬೇಡ. ಹಾಗಾಗಿ ಮಿಂಚು ಕಂಡ ಕ್ಷಣವೇ ಸದ್ದು ಹೊರಟ ಕ್ಷಣ. ಗುಂಡಿನ ವಿಷಯ ಹಾಗಲ್ಲ. ಚಟೀರ್ ಕೇಳುವ ಹೊತ್ತಿಗೆ ಬಂದೂಕಿನ ಸದ್ದು ಹೊರಟು ಆಗಲೇ ಸ್ವಲ್ಪ ಸಮಯವಾಗಿ, ಅದೂ ಅರ್ಧ ದಾರಿ ಬಂದಿರುತ್ತದೆ. ನಾವು ಎಣಿಸುವುದು ಉಳಿದ ದಾರಿಯನ್ನು ಮಾತ್ರ. 300 ಮೀಟರಿಗೆ ಬಿಡಿಸಿ ನೋಡೋಣ:

ಗುಂಡು ದಾರಿಯುದ್ದಕ್ಕೂ ನಿಧಾನವಾಗುತ್ತಾ ಬರುವುದರಿಂದ ಸರಾಸರಿ ಸುಮಾರು 730 ಮೀಟರ್ ಹಿಡಿಯಿರಿ. 300 ÷ 730 = 0.41 ಸೆಕೆಂಡ್. ಇದು ಚಟೀರ್ ಬರುವ ಹೊತ್ತು.
ಶಬ್ದ: 300 ÷ 340 = 0.88 ಸೆಕೆಂಡ್. ಇದು ಧಬ್ ಬರುವ ಹೊತ್ತು.
ಅಂತರ: 0.47 ಸೆಕೆಂಡ್.

0.41 ಸೆಕೆಂಡಿನಲ್ಲಿ ಬಂದೂಕಿನ ಸದ್ದು 140 ಮೀಟರ್ ಬಂದಾಗಿದೆ. ಉಳಿದ 160 ಮೀಟರನ್ನು ಮಾತ್ರ ನಾವು 0.47 ಎಂದು ಕೇಳುತ್ತಿದ್ದೇವೆ. ಮಿಂಚಿನ ಲೆಕ್ಕದಲ್ಲಿ ಈ 140 ಮೀಟರ್ ಕೈಬಿಟ್ಟು ಹೋಗುತ್ತದೆ. ಇದೊಂದು ಸಾಲು ಅರ್ಥವಾದರೆ ಇಡೀ ವಿಷಯ ಅರ್ಥವಾದಂತೆ.

ಅಡ್ಡದಾರಿ: ಅಂತರವನ್ನು 600ರಿಂದ ಗುಣಿಸಿ. 0.47 × 600 = 282. ಸಾಕಷ್ಟು ಹತ್ತಿರ. ಸಿನಿಮಾಕ್ಕೆ ಇನ್ನೂ ಸುಲಭ ದಾರಿ ಇದೆ: ಸೆಕೆಂಡಿಗೆ 24 ಫ್ರೇಮ್ ಇರುವುದರಿಂದ 100 ಮೀಟರಿಗೆ 4 ಫ್ರೇಮ್. 300 ಮೀಟರಿಗೆ 11 ಅಥವಾ 12 ಫ್ರೇಮ್ ಬರಬೇಕು. 400 ಮೀಟರ್ ದಾಟಿದ ಮೇಲೆ ಅಡ್ಡದಾರಿ ಕೈಕೊಡುತ್ತದೆ. ಗುಂಡು ನಿಧಾನವಾದಷ್ಟೂ ಚಟೀರ್ ತಡವಾಗಿ ಧಬ್‌ಗೆ ಹತ್ತಿರವಾಗುತ್ತದೆ. 600 ಮೀಟರಿನಲ್ಲಿ ಅಂತರ 0.8 ಸೆಕೆಂಡಿನ ಆಸುಪಾಸು. 600ರಿಂದ ಗುಣಿಸಿದರೆ 480 ಎಂದು ಕಡಿಮೆ ತೋರಿಸುತ್ತದೆ.

ಅಳೆಯುವ ಕ್ರಮ: ದೃಶ್ಯದ ಧ್ವನಿಯನ್ನು ಆಡಾಸಿಟಿಯಂಥ ತಂತ್ರಾಂಶದಲ್ಲಿ ತೆರೆದು ಅಲೆಯ ಚಿತ್ರವನ್ನು ದೊಡ್ಡದು ಮಾಡಿ. ಚೂಪಾದ ತೆಳು ಮುಳ್ಳು ಚಟೀರ್; ಅದರ ಹಿಂದೆ ಬರುವ ಅಗಲವಾದ ದಪ್ಪ ಉಬ್ಬು ಧಬ್. ಎರಡರ ಆರಂಭದಿಂದ ಆರಂಭಕ್ಕೆ ಅಳೆಯಿರಿ, ಶಿಖರದಿಂದ ಶಿಖರಕ್ಕೆ ಬೇಡ.

ಇಲ್ಲಿ ತಪ್ಪಾಗುವುದು ಹೀಗೆ. ಸಾಲು ಗುಂಡಿನಲ್ಲಿ ಎಲ್ಲ ಕಲಸಿಹೋಗುತ್ತದೆ. ನಿಮಿಷಕ್ಕೆ 600 ಗುಂಡು ಎಂದರೆ 0.1 ಸೆಕೆಂಡಿಗೊಂದು. 300 ಮೀಟರಿನಲ್ಲಿ ಮೊದಲ ಧಬ್ ಬರುವ ಮೊದಲೇ ಐದು ಚಟೀರ್ ಬಂದಿರುತ್ತವೆ. ಆಗ ಕೊನೆಯ ಚಟೀರ್‌ನಿಂದ ಕೊನೆಯ ಧಬ್‌ಗೆ ಅಳೆಯಬೇಕು. ಕಣಿವೆಯ ದೃಶ್ಯದಲ್ಲಿ ಮೂರನೆಯ ಸದ್ದು ಕೇಳಿದರೆ ಅದು ಮಾರ್ದನಿ, ಧಬ್ ಅಲ್ಲ. ಕ್ಯಾಮೆರಾ ಹೊಡೆಯುವವನ ಪಕ್ಕದಲ್ಲಿದ್ದರೆ ಅಂತರವೇ ಇರಬಾರದು. ಎರಡೂ ಒಟ್ಟಿಗೇ ಕೇಳಬೇಕು. 20 ಮೀಟರಿನ ಗುಂಡಿಗೂ 400 ಮೀಟರಿನ ಗುಂಡಿಗೂ ಅದೇ ಅಂತರ ಬರುತ್ತಿದ್ದರೆ, ಒಂದೇ ಧ್ವನಿಮುದ್ರಣವನ್ನು ಎಲ್ಲೆಡೆ ಅಂಟಿಸಿದ್ದಾರೆ ಎಂದರ್ಥ.

ಎಲ್ಲ ಗುಂಡಿಗೂ ಚಟೀರ್ ಇಲ್ಲ. ‘ರಯಾನ್’ ಚಿತ್ರದ ಕ್ಯಾಪ್ಟನ್ ಹಿಡಿದಿರುವ ಥಾಮ್ಸನ್ ಬಂದೂಕಿನ .45 ಗುಂಡು ಶಬ್ದಕ್ಕಿಂತ ನಿಧಾನ. ಅದು ಯಾರ ಪಕ್ಕದಲ್ಲಿ ಹಾದುಹೋಗುತ್ತದೋ ಅವನಿಗೆ ಚಟೀರ್ ಕೇಳಿಸಬಾರದು.

ಕೊನೆಯದಾಗಿ ದಿಕ್ಕು. ಚಟೀರ್ ಬರುವುದು ಬಂದೂಕಿನಿಂದಲ್ಲ, ಗುಂಡು ಸಾಗುವ ದಾರಿಯ ಒಂದು ಬಿಂದುವಿನಿಂದ. ಹಾಗಾಗಿ ಅದು ಬಂದೂಕಿರುವ ದಿಕ್ಕಿಗಿಂತ ಸುಮಾರು 60 ಡಿಗ್ರಿ ಪಕ್ಕದಿಂದ ಬಂದಂತೆ ಕೇಳುತ್ತದೆ. ಅನುಭವ ಇಲ್ಲದವನು ತಪ್ಪು ದಿಕ್ಕಿಗೆ ತಿರುಗುತ್ತಾನೆ. ನುರಿತವನು ಧಬ್‌ಗೆ ಕಾಯುತ್ತಾನೆ. ಮೊದಲ ಗುಂಡಿಗೇ ನಾಯಕ ಸರಿಯಾದ ಕಿಟಕಿಗೆ ಗುರಿಯಿಟ್ಟರೆ ಅದು ಸಿನಿಮಾದ ಕೃಪೆ.

ಮದ್ದುಗುಂಡಿನ ಸೆಕೆಂಡುಗಳು

ಒಮ್ಮೆ ತುಂಬಿದ ಗುಂಡು ಎಷ್ಟು ಸೆಕೆಂಡಿಗೆ ಮುಗಿಯುತ್ತದೆ? ಗುಂಡಿನ ಸಂಖ್ಯೆಯನ್ನು ನಿಮಿಷಕ್ಕೆ ಹಾರುವ ಗುಂಡಿನ ದರದಿಂದ ಭಾಗಿಸಿ 60ರಿಂದ ಗುಣಿಸಿ. ಎಕೆ ರೈಫಲ್: 30 ÷ 600 × 60 = 3 ಸೆಕೆಂಡ್. ಜರ್ಮನ್ ಮೆಷಿನ್‌ಗನ್ ಎಂಜಿ 42ರ 50 ಗುಂಡಿನ ಡ್ರಮ್: ನಿಮಿಷಕ್ಕೆ 1200ರಂತೆ ಎರಡೂವರೆ ಸೆಕೆಂಡ್. ‘ಡನ್‌ಕರ್ಕ್’ ಚಿತ್ರದ ಸ್ಪಿಟ್‌ಫೈರ್‌ಗೆ ಎಂಟು ಮೆಷಿನ್‌ಗನ್, ಒಂದೊಂದಕ್ಕೆ 300 ಗುಂಡು, ದರ ಸುಮಾರು 1150: ಹದಿನೈದು ಚಿಲ್ಲರೆ ಸೆಕೆಂಡ್. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ವಿಮಾನ ಗುಂಡು ಹಾರಿಸಿದಷ್ಟು ಹೊತ್ತನ್ನು ಕೂಡಿಸುತ್ತಾ ಹೋಗಿ, ಕೊಟ್ಟ ಮದ್ದು ಸಾಲುವುದಿಲ್ಲ. (ಅದೇ ಡನ್‌ಕರ್ಕ್‌ನಲ್ಲಿ ಕೆ-6 ಎಂಬ ಭಾರತೀಯ ಹೇಸರಗತ್ತೆ ಪಡೆಯ ತುಕಡಿಗಳೂ ಇದ್ದವು. ಚಿತ್ರದಲ್ಲಿ ಅವರಿಲ್ಲ. ಇದು ಲೆಕ್ಕದ ತಪ್ಪಿಗಿಂತ ದೊಡ್ಡ ತಪ್ಪು.)

ಗ್ರೆನೇಡ್ ಬಗ್ಗೆ ಎರಡೇ ಮಾತು. ಪಿನ್ನನ್ನು ಹಲ್ಲಿನಿಂದ ಕಿತ್ತರೆ ಪಿನ್ ಬರುವುದಿಲ್ಲ, ಹಲ್ಲು ಬರುತ್ತದೆ. ಸಿಡಿದಾಗ ಕಿತ್ತಳೆ ಬಣ್ಣದ ಬೆಂಕಿಯುಂಡೆ ಏಳುವುದಿಲ್ಲ, ಅದು ಪೆಟ್ರೋಲಿನ ಬೆಂಕಿ. ದೀಪಾವಳಿಯ ಆಟಂ ಬಾಂಬಿನಂತೆ ಕ್ಷಣದ ಮಿಂಚು, ಬೂದು ಹೊಗೆ, ಮಣ್ಣು. ಕೊಲ್ಲುವುದು ಬೆಂಕಿಯಲ್ಲ, ಚೂರುಗಳು.

ಒಮಾಹಾ ಕಡಲತೀರ: ಶಟರ್ ಕೋನ

‘ರಯಾನ್’ ಚಿತ್ರದ ಆರಂಭದಲ್ಲಿ ಬರುವ, ಫ್ರಾನ್ಸಿನ ಒಮಾಹಾ ಕಡಲತೀರದ ಕಾಳಗದ ದೃಶ್ಯ ಐರ್ಲೆಂಡಿನ ಕರಕ್ಲೋ ಕಡಲತೀರದಲ್ಲಿ ಚಿತ್ರಿತವಾದದ್ದು. ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಮಾಮೂಲಿ 180 ಡಿಗ್ರಿ ಬದಲು 45 ಮತ್ತು 90 ಡಿಗ್ರಿ ಶಟರ್ ಬಳಸಿದರು. ಶಟರ್ ಎಂದರೆ ಕ್ಯಾಮೆರಾದೊಳಗೆ ತಿರುಗುತ್ತಾ ಫಿಲ್ಮಿಗೆ ಬೆಳಕು ಬಿಡುವ ತಟ್ಟೆ; ಕೋನ ಅದರ ತೆರಪಿನ ಅಳತೆ. ಲೆಕ್ಕ: ಕೋನ ÷ 360, ಅದನ್ನು 24ರಿಂದ ಭಾಗಿಸಿ. 180ಕ್ಕೆ 1/48 ಸೆಕೆಂಡ್, 45ಕ್ಕೆ 1/192. ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಹೊತ್ತು ಕಾಲುಭಾಗವಾದ್ದರಿಂದ ಮಸುಕು ಇಲ್ಲ, ಹಾರುವ ಮರಳಿನ ಕಣಕಣವೂ ಚೂಪು, ಚಲನೆ ಕಡಿದು ಕಡಿದು ಬಂದಂತೆ. ಇದನ್ನು ‘ನಿಜ’ ಎಂದು ಬರೆದುಕೊಳ್ಳಬೇಡಿ; ಕಣ್ಣು ಹಾಗೆ ನೋಡುವುದಿಲ್ಲ. ಗಾಬರಿಯನ್ನು ಪ್ರೇಕ್ಷಕನಿಗೆ ದಾಟಿಸುವ ಅದ್ಭುತ ಉಪಾಯ ಅದು. ನಿಜ ಇರುವುದು ಬೇರೆಡೆ: ಆ ಕಾಳಗದುದ್ದಕ್ಕೂ ಹಿನ್ನೆಲೆ ಸಂಗೀತವೇ ಇಲ್ಲ.

ಅದೇ ದೃಶ್ಯದ ತಪ್ಪೆಂದರೆ ನೀರಿನಾಳದಲ್ಲಿ ಗುಂಡು ತಗುಲಿ ಸಾಯುವ ಸೈನಿಕರು. ವೇಗದ ರೈಫಲ್ ಗುಂಡು ಓರೆಯಾಗಿ ನೀರಿಗೆ ಬಿದ್ದರೆ ಒಂದು ಮೀಟರ್ ಹೋಗುವಷ್ಟರಲ್ಲಿ ಒಡೆದೋ ತಿರುಗಿಯೋ ಶಕ್ತಿ ಕಳೆದುಕೊಳ್ಳುತ್ತದೆ.

ಕಿವುಡು ಮತ್ತು ಕಾಯುವಿಕೆ

1943ರ ಬೆಲರೂಸ್ ಕಥೆ ಹೇಳುವ ಎಲೆಮ್ ಕ್ಲಿಮೊವ್ ಅವರ ‘ಕಮ್ ಆ್ಯಂಡ್ ಸೀ’ಯಲ್ಲಿ ಕಾಡಿನ ಮೇಲೆ ಬಾಂಬು ಬಿದ್ದ ಮೇಲೆ ಹುಡುಗನ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದು, ಮಾತುಗಳು ಗೋಡೆಯಾಚೆಯಿಂದ ಬಂದಂತೆ ಕೇಳುತ್ತವೆ. ಆ ಮಂಕು ತಕ್ಷಣ ಹೋಗುವುದಿಲ್ಲ, ಅದೇ ಸರಿ. ಹತ್ತಿರ ಶೆಲ್ ಬಿದ್ದ ಎರಡನೇ ಸೆಕೆಂಡಿಗೆ ಪಿಸುಮಾತು ಕೇಳಿಸಿಕೊಳ್ಳುವ ಪಾತ್ರಗಳನ್ನು ನಂಬಬೇಡಿ.

ಕಾಯುವಿಕೆಗೆ ಜರ್ಮನ್ ಜಲಾಂತರ್ಗಾಮಿಯೊಳಗೆ ನಡೆಯುವ ‘ದಾಸ್ ಬೂಟ್’. ಐವತ್ತರಷ್ಟು ಜನ, ಎರಡು ಶೌಚಾಲಯ, ಅದರಲ್ಲೊಂದರಲ್ಲಿ ತಿನ್ನುವ ಸಾಮಾನು ತುಂಬಿರುತ್ತದೆ. ವಾರಗಟ್ಟಲೆ ಏನೂ ನಡೆಯದೆ, ಆಮೇಲೆ ಎಲ್ಲ ಒಟ್ಟಿಗೆ. ಕಾಳಗ ಬಹುಪಾಲು ಮೇಲಿನಿಂದ ಬರುವ ಸದ್ದು ಮಾತ್ರ. ಮನೆಯವರ ಕಾಯುವಿಕೆಗೆ ಕನ್ನಡದಲ್ಲೇ ‘ಮುತ್ತಿನ ಹಾರ’ (1990) ಇದೆ. ಕೊಡಗಿನ ಸೈನಿಕನ ಮನೆಗೆ ಯುದ್ಧ ಏನು ಮಾಡಿತು ಎಂಬುದಕ್ಕೆ ಅದನ್ನು ನೋಡಬೇಕು.

ಲೊಂಗೆವಾಲಾ ಮತ್ತು ಕಾರ್ಗಿಲ್

‘ಬಾರ್ಡರ್’ ಹೇಳುವುದು ರಾಜಸ್ಥಾನದ ಲೊಂಗೆವಾಲಾ ಗಡಿ ಠಾಣೆಯಲ್ಲಿ 1971ರ ಡಿಸೆಂಬರ್ 4–5ರ ರಾತ್ರಿಯ ಕಥೆ. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಕೈಕೆಳಗೆ ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್ನಿನ ಸುಮಾರು 120 ಜನ. ಚಿತ್ರದಲ್ಲಿ ನಮ್ಮವರು ಸಾಲುಸಾಲಾಗಿ ಬೀಳುತ್ತಾರೆ; ವಾಸ್ತವದಲ್ಲಿ ಹುತಾತ್ಮರಾದವರು ಇಬ್ಬರು. ಪಾಕಿಸ್ತಾನದ ಟ್ಯಾಂಕುಗಳು ಮರಳಿನಲ್ಲಿ ಹೂತವು. ಜೈಸಲ್ಮೇರಿನ ಹಂಟರ್ ವಿಮಾನಗಳಿಗೆ ರಾತ್ರಿ ಹೊಡೆಯುವ ಸಾಧನವಿರಲಿಲ್ಲ. ಬೆಳಗಾದ ಮೇಲೆ ಬಂದು ಟ್ಯಾಂಕುಗಳನ್ನು ಒಂದೊಂದಾಗಿ ಒಡೆದವು. ಅಂದರೆ ನಿಜವಾದ ಕಾಳಗದ ಬಿಗಿ ಇದ್ದದ್ದು ಕೈಕೈ ಮಿಲಾಯಿಸುವುದರಲ್ಲಲ್ಲ, ಬೆಳಗಾಗುವವರೆಗೆ ಠಾಣೆ ಬಿಡದೆ ಕೂರುವುದರಲ್ಲಿ. ಸಾವಿನ ಸಂಖ್ಯೆ ಏರಿಸಿದರೆ ಧೈರ್ಯ ಹೆಚ್ಚಾಗಿ ಕಾಣುತ್ತದೆ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಕಡಿಮೆ ಜನ ಕಳೆದುಕೊಂಡು ಠಾಣೆ ಉಳಿಸಿಕೊಂಡದ್ದೇ ಅಲ್ಲಿನ ಸಾಧನೆ.

ಕಾರ್ಗಿಲ್ ಚಿತ್ರಗಳಿಗೆ ಮೇಲಿನ ಫ್ರೇಮ್ ಲೆಕ್ಕ ಹಾಕುವಾಗ ಒಂದು ಎಚ್ಚರ. ಎತ್ತರದಲ್ಲಿ ಗಾಳಿ ತೆಳು, ಅದಕ್ಕೇ ಶಬ್ದ ನಿಧಾನ ಎಂದು ಬರೆಯುವುದು ಸಾಮಾನ್ಯ ತಪ್ಪು. ಶಬ್ದದ ವೇಗ ಬದಲಾಗುವುದು ಉಷ್ಣತೆಯಿಂದ: ಮೈನಸ್ 10 ಡಿಗ್ರಿಯಲ್ಲಿ ಸುಮಾರು 325 ಮೀಟರ್. ತೆಳು ಗಾಳಿ ಬೇರೆ ಕೆಲಸ ಮಾಡುತ್ತದೆ, ಗುಂಡಿನ ವೇಗ ಬೇಗ ಇಳಿಯದಂತೆ ನೋಡಿಕೊಳ್ಳುತ್ತದೆ. ಎರಡೂ ಸೇರಿ ಅಂತರ ಒಂದೆರಡು ಫ್ರೇಮ್ ಹೆಚ್ಚುತ್ತದೆ, ಅಷ್ಟೇ.

ತೆಳು ಗಾಳಿ ನಿಜವಾಗಿ ಕಾಡುವುದು ಎದೆಯನ್ನು. ‘ಶೇರ್‌ಷಾ’ದಲ್ಲಿ ಬರುವ ಪಾಯಿಂಟ್ 5140 ಹೆಸರೇ ಹೇಳುವಂತೆ 5140 ಮೀಟರ್ ಎತ್ತರ. ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚು, ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಹತ್ತುವುದು ರಾತ್ರಿ, ಕಡಿದಾದ ಬಂಡೆಯ ಮೇಲೆ, ಬೆನ್ನಿಗೆ ಮದ್ದುಗುಂಡಿನ ಹೊರೆ. ದಾಳಿಯ ದೃಶ್ಯ ಬಂದಾಗ ಚಿತ್ರದ ಸಂಗೀತ ಮರೆತು, ಪಾತ್ರ ಒಂದು ವಾಕ್ಯ ಮುಗಿಸಲು ಎಷ್ಟು ಸಲ ಉಸಿರು ತೆಗೆದುಕೊಂಡಿತು ಎಂದು ಎಣಿಸಿ. ಮೂರು ಪದಕ್ಕೊಂದು ಉಸಿರಾದರೆ ನಂಬಬಹುದು. ಓಡುತ್ತಾ ಏರುತ್ತಾ, ಘೋಷಣೆ ಕೂಗಿ, ಮೇಲೆ ನಿಂತು ಉದ್ದನೆಯ ಸಂಭಾಷಣೆಯನ್ನೂ ಹೇಳಿದರೆ ಆ ದೃಶ್ಯದ ಎದುರು ‘0 ಮೀಟರ್’ ಎಂದು ಬರೆದಿಡಿ.